ರಾಜನೇ ಇಲ್ಲದ ಬೆಳ್ಳಿ ನಾಣ್ಯ: ಯುದ್ಧದ ನಡುವೆ ಹುಟ್ಟಿದ 'ಐದು ಪೆಸೆಟಾ'

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿದ್ದೀರಾ? ಹಾಗಿದ್ರೆ ಒಂದು ಸಣ್ಣ ಕೆಲಸ. ನಿಮ್ಮ ಜೇಬಲ್ಲೋ ಬ್ಯಾಗಲ್ಲೋ ಒಂದು ನಾಣ್ಯ ಇದೆಯಾ ನೋಡಿ. ಯುಪಿಐ ಬಂದ ಮೇಲೆ ಚಿಲ್ಲರೆ ಇಟ್ಕೊಳ್ಳೋದನ್ನೇ ಬಿಟ್ಟಿದ್ದೀವಿ, ಆದರೂ ಬ್ಯಾಗಿನ ಮೂಲೆಯಲ್ಲಿ ಒಂದು ಐದು ರೂಪಾಯಿ ಸಿಕ್ಕೇ ಸಿಗುತ್ತೆ. ಅದರ ಮೇಲೆ ಏನಿದೆ? ನಾಲ್ಕು ಸಿಂಹಗಳ ಲಾಂಛನ, ದೇಶದ ಹೆಸರು, ಬೆಲೆ, ಇಸವಿ. ಇದರಲ್ಲಿ ವಿಶೇಷ ಏನು ಅಂತ ನೀವು ಕೇಳಬಹುದು. ವಿಶೇಷ ಇದೆ. ಯಾವ ನಾಣ್ಯವನ್ನೇ ತಗೊಳ್ಳಿ, ಅದು ಮೂರು ಪ್ರಶ್ನೆಗೆ ಉತ್ತರ ಕೊಡುತ್ತೆ. ಇದರ ಬೆಲೆ ಎಷ್ಟು? ಇದು ಯಾವ ವರ್ಷದ್ದು? ಮತ್ತು ಇದನ್ನು ಹೊರಡಿಸಿದ್ದು ಯಾರು?

ಮೊದಲ ಎರಡು ಪ್ರಶ್ನೆ ಸುಲಭ. ಮೂರನೆಯದರಲ್ಲೇ ತಕರಾರು. ಒಂದು ದೇಶದಲ್ಲಿ ಒಂದೇ ಸಲ ಇಬ್ಬರು ರಾಜರು 'ನಾನೇ ರಾಜ' ಅಂತ ಹೇಳ್ತಿದ್ರೆ ನಾಣ್ಯದ ಮೇಲೆ ಯಾರ ಹೆಸರು ಹಾಕ್ಬೇಕು? ತಪ್ಪು ಹೆಸರು ಹಾಕಿದ್ರೆ ತಲೆ ಹೋಗುತ್ತೆ ಅನ್ನೋ ಕಾಲದಲ್ಲಿ ಟಂಕಸಾಲೆಯವನು ಏನು ಮಾಡ್ಬೇಕು?

ಇವತ್ತಿನ ಕಥೆ ಅದೇ. ಸ್ಪೇನ್ ದೇಶ, 1808ನೇ ಇಸವಿ. ನಮ್ಮ ಮುಂದೆ ಎರಡು ಬೆಳ್ಳಿ ನಾಣ್ಯ ಇವೆ. ಒಂದು ಬಾರ್ಸಿಲೋನಾದ್ದು, ಇನ್ನೊಂದು ಜಿರೋನಾದ್ದು. ಎರಡು ಊರಿನ ನಡುವೆ ಸುಮಾರು ನೂರು ಕಿಲೋಮೀಟರ್, ಅಂದ್ರೆ ಬೆಂಗಳೂರಿಂದ ಮಂಡ್ಯಕ್ಕೆ ಹೋದಷ್ಟು ದೂರ. ಎರಡೂ ನಾಣ್ಯ ಒಂದೇ ವರ್ಷದವು, ಒಂದೇ ಬೆಲೆಯವು. ಆದರೆ ಒಂದರ ಮೇಲೆ ರಾಜನ ಹೆಸರು ಎದೆ ತಟ್ಟಿ ಹೇಳಿದ ಹಾಗಿದೆ. ಇನ್ನೊಂದರ ಮೇಲೆ ರಾಜನೇ ಇಲ್ಲ.

ಮೊದಲು ಸ್ವಲ್ಪ ಹಿನ್ನೆಲೆ ನೋಡೋಣ.

1808ರ ಹೊತ್ತಿಗೆ ಯುರೋಪಿನ ಬಹುಪಾಲು ನೆಪೋಲಿಯನ್ ಮುಷ್ಟಿಯಲ್ಲಿತ್ತು. ಸ್ಪೇನ್ ಅವನ ಮಿತ್ರರಾಷ್ಟ್ರ. ಪೋರ್ಚುಗಲ್ ಮೇಲೆ ದಾಳಿ ಮಾಡ್ತೀವಿ, ದಾರಿ ಬಿಡಿ ಅಂತ ಫ್ರೆಂಚ್ ಸೈನ್ಯ ಸ್ಪೇನಿನ ಒಳಗೆ ಬಂತು. ಬಂದಿದ್ದು ನೆಂಟರ ಹಾಗೆ, ಆದರೆ ವಾಪಸ್ ಹೋಗಲಿಲ್ಲ. ಫೆಬ್ರವರಿಯಲ್ಲಿ ಜನರಲ್ ದ್ಯೂಹೆಮ್‌ನ ಪಡೆ ಬಾರ್ಸಿಲೋನಾ ಸೇರಿತು. ತಿಂಗಳ ಕೊನೆಗೆ ಊರಿನ ದೊಡ್ಡ ಕೋಟೆಯನ್ನು ಒಂದು ಗುಂಡೂ ಹಾರಿಸದೆ, ಬರೀ ಉಪಾಯದಿಂದ ಒಳಗೆ ಹಾಕ್ಕೊಂಡ್ರು. ಬೆಳಗಾಗೋದರೊಳಗೆ ನೆಂಟರು ಯಜಮಾನರಾದ್ರು.

ಅದೇ ಹೊತ್ತಿಗೆ ಸ್ಪೇನಿನ ಅರಮನೆಯಲ್ಲಿ ಅಪ್ಪ ಮಗನ ಜಗಳ. ಅಪ್ಪ ನಾಲ್ಕನೇ ಕಾರ್ಲೋಸ್, ಮಗ ಫರ್ನಾಂಡೋ. ಮಾರ್ಚ್‌ನಲ್ಲಿ ದಂಗೆ ಎದ್ದು ಅಪ್ಪ ಪಟ್ಟ ಬಿಡಬೇಕಾಯ್ತು, ಮಗ ಏಳನೇ ಫರ್ನಾಂಡೋ ಆದ. ನೆಪೋಲಿಯನ್ ಇಬ್ಬರನ್ನೂ ಫ್ರಾನ್ಸಿನ ಬಯೋನ್ ಊರಿಗೆ ಕರೆಸಿ ಪಂಚಾಯ್ತಿ ಮಾಡಿದ. ಎರಡು ಬೆಕ್ಕು, ಒಂದು ಬೆಣ್ಣೆ, ನಡುವೆ ಒಂದು ಕೋತಿ. ಆ ಕಥೆ ನಿಮಗೆ ಗೊತ್ತೇ ಇದೆ. ಮೇ ತಿಂಗಳಲ್ಲಿ ಅಪ್ಪ ಮಗ ಇಬ್ಬರೂ ಕಿರೀಟ ಬಿಟ್ಟುಕೊಟ್ಟರು, ನೆಪೋಲಿಯನ್ ಅದನ್ನು ತನ್ನ ಅಣ್ಣ ಜೋಸೆಫ್‌ಗೆ ಕೊಟ್ಟ. ಫರ್ನಾಂಡೋನನ್ನು ಫ್ರಾನ್ಸಿನ ವಾಲೆನ್ಸೇ ಅನ್ನೋ ಭವನದಲ್ಲಿ ಇಟ್ಟರು. ಹೆಸರಿಗೆ ಅತಿಥಿ, ನಿಜದಲ್ಲಿ ಕೈದಿ.

ಮೇ 2ರಂದು ಮ್ಯಾಡ್ರಿಡ್‌ನ ಜನ ಬೀದಿಗಿಳಿದರು. ದಂಗೆ ದೇಶಕ್ಕೆಲ್ಲ ಹಬ್ಬಿತು. ಊರೂರಲ್ಲಿ 'ಹುಂತಾ' ಅನ್ನೋ ಸಮಿತಿಗಳು ಹುಟ್ಟಿಕೊಂಡು, 'ನಮ್ಮ ರಾಜ ಫರ್ನಾಂಡೋನೇ, ಅವನು ಸೆರೆಯಲ್ಲಿದ್ದಾನೆ, ಅವನ ಹೆಸರಲ್ಲಿ ನಾವು ಆಳ್ತೀವಿ' ಅಂದವು. ಈ ಯುದ್ಧ 1814ರವರೆಗೆ, ಆರು ವರ್ಷ ನಡೀತು.

ಅಂದ್ರೆ ದೇಶಕ್ಕೆ ಇಬ್ಬರು ರಾಜರು. ಮ್ಯಾಡ್ರಿಡ್‌ನಲ್ಲಿ ಕೂತ ಜೋಸೆಫ್, ಫ್ರಾನ್ಸಿನಲ್ಲಿ ಸೆರೆಯಲ್ಲಿರೋ ಫರ್ನಾಂಡೋ. ಯುದ್ಧಕ್ಕೆ ದುಡ್ಡು ಇಬ್ಬರ ಕಡೆಯವರಿಗೂ ಬೇಕು.

ಆಗ ಸ್ಪೇನಿನ ದೊಡ್ಡ ಬೆಳ್ಳಿ ನಾಣ್ಯ ಅಂದ್ರೆ ಎಂಟು ರಿಯಾಲ್. ತೂಕ ಸುಮಾರು 27 ಗ್ರಾಂ. ಕೈಯಲ್ಲಿ ಹಿಡಿದ್ರೆ ಭಾರ ಗೊತ್ತಾಗುತ್ತೆ. ಇಂಗ್ಲಿಷರು ಇದನ್ನೇ ಸ್ಪ್ಯಾನಿಷ್ ಡಾಲರ್ ಅಂತಿದ್ರು. ಅಮೆರಿಕದ ಡಾಲರ್ ಹುಟ್ಟಿದ್ದು ಇದರಿಂದಾನೇ. 1857ರವರೆಗೆ ಅಮೆರಿಕದಲ್ಲಿ ಈ ವಿದೇಶಿ ನಾಣ್ಯ ಕಾನೂನುಬದ್ಧವಾಗಿ ಚಲಾವಣೆಯಲ್ಲಿತ್ತು. ಚೀನಾದ ವ್ಯಾಪಾರಿಗಳು ಬೆಳ್ಳಿ ಸರಿಯಾಗಿದೆ ಅಂತ ಪರೀಕ್ಷಿಸಿ ಇದರ ಮೇಲೆ ತಮ್ಮ ಮುದ್ರೆ ಒತ್ತುತ್ತಿದ್ರು. ಈಸ್ಟ್ ಇಂಡಿಯಾ ಕಂಪನಿ ನಮ್ಮ ದೇಶಕ್ಕೆ ಹಡಗಲ್ಲಿ ತರ್ತಿದ್ದ ಬೆಳ್ಳಿಯಲ್ಲೂ ಇದರ ಪಾಲು ದೊಡ್ಡದು.

ಸ್ಪೇನಿನ ಜನ ಮಾತ್ರ ಇದಕ್ಕೆ ಪ್ರೀತಿಯಿಂದ ಇಟ್ಟ ಹೆಸರು 'ದೂರೊ'. ಅಂದ್ರೆ 'ಗಟ್ಟಿ'. ಎಷ್ಟು ಚೆಂದ ನೋಡಿ, ನಾಣ್ಯದ ಹೆಸರೇ ಗಟ್ಟಿ.

ಈ ಗಟ್ಟಿಯ ಬೆಳ್ಳಿ ಬರ್ತಿದ್ದಿದ್ದು ಮುಖ್ಯವಾಗಿ ಮೆಕ್ಸಿಕೋ ಮತ್ತು ಪೆರುವಿನ ಗಣಿಗಳಿಂದ. ಯುದ್ಧಕ್ಕೆ ಮುಂಚೆ ಮೆಕ್ಸಿಕೋ ನಗರದ ಟಂಕಸಾಲೆ ಒಂದೇ ವರ್ಷಕ್ಕೆ 2 ಕೋಟಿ ಪೆಸೊಗೂ ಹೆಚ್ಚು ಬೆಲೆಯ ನಾಣ್ಯ ಒತ್ತುತ್ತಿತ್ತು. ಆದರೆ ಶತ್ರು ಸುತ್ತ ನಿಂತಿರೋ ಊರಿಗೆ ಹೊರಗಿನ ಬೆಳ್ಳಿ ಬರೋದು ಹೇಗೆ?

ಈಗ ಜಿರೋನಾಕ್ಕೆ ಹೋಗೋಣ.

ಬಾರ್ಸಿಲೋನಾದಿಂದ ಫ್ರಾನ್ಸಿಗೆ ಹೋಗೋ ಹೆದ್ದಾರಿಯ ಮೇಲೆ ಈ ಊರು ಕೂತಿದೆ. ಫ್ರೆಂಚರಿಗೆ ಇದು ಗಂಟಲಲ್ಲಿ ಸಿಕ್ಕಿದ ಮುಳ್ಳು. 1808ರ ಜೂನ್‌ನಲ್ಲಿ ಒಂದು ಸಲ ದಾಳಿ ಮಾಡಿದ್ರು, ಆಗಲಿಲ್ಲ. ಜುಲೈ, ಆಗಸ್ಟ್‌ನಲ್ಲಿ ಮುತ್ತಿಗೆ ಹಾಕಿದ್ರು, ಆಗಲೂ ಆಗಲಿಲ್ಲ.

ಇಂಥ ಊರಲ್ಲಿ ದುಡ್ಡಿನ ಕಷ್ಟ ಹೇಗಿರುತ್ತೆ ಯೋಚಿಸಿ. ಸೈನಿಕನಿಗೆ ಸಂಬಳ ಕೊಡಬೇಕು. ರೈತನಿಗೆ ಧಾನ್ಯದ ದುಡ್ಡು ಕೊಡಬೇಕು. ಊರಲ್ಲಿ ಬೆಳ್ಳಿ ಇಲ್ಲ ಅಂತಲ್ಲ. ತಟ್ಟೆ ಇದೆ, ದೀಪದ ಕಂಬ ಇದೆ, ಚರ್ಚಿನ ಪಾತ್ರೆ ಇದೆ. ಆದರೆ ಸೈನಿಕನಿಗೆ ಅರ್ಧ ದೀಪದ ಕಂಬ ಮುರಿದು ಕೊಡೋಕೆ ಆಗಲ್ಲವಲ್ಲ. ಬೆಳ್ಳಿ ಇದ್ದರೆ ಸಾಲದು, ಅದು ದುಡ್ಡಾಗಬೇಕು.

ಮುತ್ತಿಗೆಯ ಊರುಗಳಲ್ಲಿ ಇದಕ್ಕೆ ಮಾಡ್ತಿದ್ದ ಕೆಲಸ ಹೀಗೆ. ಬೆಳ್ಳಿ ಸಾಮಾನನ್ನು ಕರಗಿಸೋದು. ತಗಡು ಮಾಡೋದು. ದುಂಡಗೆ ಬಿಲ್ಲೆ ಕತ್ತರಿಸೋದು. ತಕ್ಕಡಿಗೆ ಹಾಕಿ ತೂಕ ಸರಿ ಮಾಡೋದು. ಆಮೇಲೆ ಅಚ್ಚಿಟ್ಟು ಸುತ್ತಿಗೆಯಲ್ಲಿ ಹೊಡೆಯೋದು. ದೊಡ್ಡ ಟಂಕಸಾಲೆಯಲ್ಲಿ ಇದಕ್ಕೆಲ್ಲ ಯಂತ್ರ ಇರುತ್ತೆ. ರಾಜನ ಮುಖ ಕೆತ್ತೋ ನುರಿತ ಕೆಲಸಗಾರ ಇರ್ತಾನೆ. ಅಂಚನ್ನು ಕೆರೆದು ಬೆಳ್ಳಿ ಕದಿಯಬಾರದು ಅಂತ ಅಂಚಿಗೂ ವಿನ್ಯಾಸ ಇರುತ್ತೆ. ಇಲ್ಲಿ ಅದಕ್ಕೆಲ್ಲ ವ್ಯವಧಾನ ಎಲ್ಲಿ?

ಜಿರೋನಾದ ನಾಣ್ಯ ನೋಡಿದ್ರೆ ಆ ಅವಸರ ಕಣ್ಣಿಗೆ ಕಾಣುತ್ತೆ. ಹೆಚ್ಚು ಕಡಿಮೆ ಬೋಳು ಬೆಳ್ಳಿ ಬಿಲ್ಲೆ. ಮುಖ ಇಲ್ಲ, ಕಿರೀಟ ಇಲ್ಲ. ಒಂದು ಕಡೆ ಊರಿನ ಹೆಸರಿನ ಮೂರು ಅಕ್ಷರ, 1808, ಮತ್ತು 'ಫೆರ್ 7', ಅಂದ್ರೆ ಏಳನೇ ಫರ್ನಾಂಡೋ. ಇನ್ನೊಂದು ಕಡೆ ಎರಡೇ ಪದ: 'ಉನ್ ದೂರೊ'. ಒಂದು ಗಟ್ಟಿ.

ಗಮನಿಸಿ, ಜನ ಕರೀತಿದ್ದ ಅಡ್ಡಹೆಸರೇ ನಾಣ್ಯದ ಮೇಲೆ ಬಂದಿದೆ. ನಮ್ಮಲ್ಲಿ ಸರ್ಕಾರದ ನೋಟಿನ ಮೇಲೆ 'ನೂರು ರೂಪಾಯಿ' ಬದಲು ಯಾರೋ ಆಡುಮಾತಿನಲ್ಲಿ ಬರೆದ ಹಾಗೆ. ಅರಮನೆ ಭಾಷೆಗೆ ಸಮಯ ಇಲ್ಲ. ಲ್ಯಾಟಿನ್‌ನಲ್ಲಿ 'ದೇವರ ದಯೆಯಿಂದ ರಾಜನಾದ' ಅಂತೆಲ್ಲ ಬರೆಯೋಕೆ ಜಾಗ ಇಲ್ಲ. ಆದರೂ ಒಂದನ್ನು ಮಾತ್ರ ಬಿಡಲಿಲ್ಲ, ಅದು ರಾಜನ ಹೆಸರು. ನಾವು ಯಾರ ಕಡೆ ಅನ್ನೋದು ಆ ನಾಲ್ಕು ಗುರುತಲ್ಲಿ ಇದೆ.

ಈ ಊರು ಅದಕ್ಕೆ ಕೊಟ್ಟ ಬೆಲೆ ಕೇಳಿ. 1809ರ ಮೇ ತಿಂಗಳಲ್ಲಿ ಫ್ರೆಂಚರು ಮತ್ತೆ ಬಂದರು. ಈ ಸಲದ ಮುತ್ತಿಗೆ ಏಳು ತಿಂಗಳು. ಊರಿನ ಸೇನಾಧಿಪತಿ ಮಾರಿಯಾನೊ ಆಲ್ವಾರೆಸ್ ದೆ ಕಾಸ್ತ್ರೊ ಶರಣಾಗೋ ಮಾತನ್ನೇ ಎತ್ತಬಾರದು ಅಂದ. ಜನ ಕುದುರೆ, ಹೇಸರಗತ್ತೆ, ಕೊನೆಗೆ ಇಲಿ ತಿಂದರು. ಗುಂಡಿಗಿಂತ ಹಸಿವು ಮತ್ತು ಜ್ವರಕ್ಕೆ ಹೆಚ್ಚು ಜನ ಸತ್ತರು. ಸೈನಿಕರು, ಊರಿನವರು ಸೇರಿ ಸುಮಾರು 10,000 ಜನ. ಡಿಸೆಂಬರ್‌ನಲ್ಲಿ ಊರು ಸೋತಿತು. ಆಲ್ವಾರೆಸ್‌ನನ್ನು ಸೆರೆ ಹಿಡಿದರು. 1810ರ ಜನವರಿಯಲ್ಲಿ ಫಿಗೆರಾಸ್ ಕೋಟೆಯ ಸೆರೆಯಲ್ಲೇ ಆತ ತೀರಿಕೊಂಡ.

ಈಗ ಬಾರ್ಸಿಲೋನಾ.

ಇಲ್ಲಿ ಶತ್ರು ಊರ ಒಳಗೇ ಇದ್ದಾನೆ. ಫ್ರೆಂಚ್ ಸೈನ್ಯಕ್ಕೂ ಸಂಬಳ ಬೇಕು, ಬ್ರೆಡ್ ಬೇಕು, ಮೇವು ಬೇಕು. ಊರಿನ ಸುತ್ತಲ ಹಳ್ಳಿಗಳೆಲ್ಲ ದಂಗೆಕೋರರ ಕೈಯಲ್ಲಿವೆ. ಹೀಗಾಗಿ 1808ರಲ್ಲಿ ಬಾರ್ಸಿಲೋನಾದಲ್ಲೇ ನಾಣ್ಯ ಒತ್ತೋಕೆ ಶುರು ಮಾಡಿದ್ರು. ಇದು ಅವಸರದ ಬೋಳು ಬಿಲ್ಲೆ ಅಲ್ಲ. ಅಚ್ಚುಕಟ್ಟಾದ, ಅಂದವಾದ ನಾಣ್ಯ.

ಆದರೆ ಅದರ ಮೇಲೆ ಏನಿದೆ? ಒಂದು ಕಡೆ ವಜ್ರಾಕೃತಿಯ ಚೌಕಟ್ಟಿನಲ್ಲಿ ಬಾರ್ಸಿಲೋನಾ ಊರಿನ ಲಾಂಛನ. ಶಿಲುಬೆ, ಉದ್ದ ಪಟ್ಟೆಗಳು. ನಿಮ್ಮಲ್ಲಿ ಫುಟ್‌ಬಾಲ್ ನೋಡೋರಿಗೆ ಇದು ಗೊತ್ತು. ಎಫ್‌ಸಿ ಬಾರ್ಸಿಲೋನಾ ಜೆರ್ಸಿಯ ಲೋಗೋದ ಮೇಲ್ಭಾಗದಲ್ಲಿ ಎಡಕ್ಕೆ ಕೆಂಪು ಶಿಲುಬೆ, ಬಲಕ್ಕೆ ಕೆಂಪು ಹಳದಿ ಪಟ್ಟೆ ಇದೆಯಲ್ಲ, ಅದೇ ಗುರುತುಗಳು. ಇನ್ನು ನಾಣ್ಯದ ಮೇಲಿನ ಅಕ್ಷರ: 'ಬಾರ್ಸಿಲೋನಾದಲ್ಲಿ', ಇಸವಿ, ಮತ್ತು '5 ಪೆಸೆಟಾಸ್'.

ಅಷ್ಟೇ. ಫರ್ನಾಂಡೋ ಇಲ್ಲ. ಜೋಸೆಫ್ ಇಲ್ಲ. ನೆಪೋಲಿಯನ್ ಕೂಡ ಇಲ್ಲ. ಮೂರನೇ ಪ್ರಶ್ನೆ ಇತ್ತಲ್ಲ, 'ಹೊರಡಿಸಿದ್ದು ಯಾರು?' ಅಂತ, ಅದಕ್ಕೆ ಈ ನಾಣ್ಯ ಕೊಡೋ ಉತ್ತರ: 'ಬಾರ್ಸಿಲೋನಾದಲ್ಲಿ ಒತ್ತಿದ್ದು. ಇನ್ನು ಹೆಚ್ಚಿಗೆ ಕೇಳಬೇಡಿ.'

ಇದೇ ಸಮಯದಲ್ಲಿ ಮ್ಯಾಡ್ರಿಡ್ ಟಂಕಸಾಲೆ ಜೋಸೆಫ್‌ನ ಮುಖ, ಹೆಸರು, 'ಸ್ಪೇನ್ ಮತ್ತು ಇಂಡೀಸ್‌ನ ರಾಜ' ಅನ್ನೋ ಬಿರುದು ಎಲ್ಲ ಹಾಕಿ 20 ರಿಯಾಲಿನ ನಾಣ್ಯ ಒತ್ತುತ್ತಿತ್ತು. ಬಾರ್ಸಿಲೋನಾದಲ್ಲೂ ಅದನ್ನೇ ಮಾಡಬಹುದಿತ್ತಲ್ಲ? ಯಾಕೆ ಮಾಡಲಿಲ್ಲ ಅಂತ ಊಹಿಸೋದು ಕಷ್ಟವಲ್ಲ. ಫರ್ನಾಂಡೋ ಹೆಸರು ಹಾಕೋಕೆ ಫ್ರೆಂಚ್ ಜನರಲ್ ಬಿಡಲ್ಲ. ಜೋಸೆಫ್ ಹೆಸರು ಹಾಕಿದ್ರೆ ಮಾರ್ಕೆಟ್ಟಲ್ಲಿ ಜನ ಮುಟ್ಟಲ್ಲ.

ಒಬ್ಬ ಬ್ರೆಡ್ ಅಂಗಡಿಯವನ ಜಾಗದಲ್ಲಿ ನಿಂತು ನೋಡಿ. ಫ್ರೆಂಚ್ ಸೈನಿಕ ಬಂದು ನಾಣ್ಯ ಕೊಡ್ತಾನೆ. ಅದರ ಮೇಲೆ ಜೋಸೆಫ್‌ನ ಮುಖ ಇದ್ರೆ, ನಾಳೆ ಫರ್ನಾಂಡೋ ವಾಪಸ್ ಬಂದಾಗ 'ಏನಯ್ಯಾ, ನೀನು ಅವರ ಕಡೆಯವನಾ?' ಅಂತ ಕೇಳ್ತಾರೆ. ಬರೀ ಊರಿನ ಲಾಂಛನ ಇದ್ರೆ ಯಾರಿಗೂ ಹೆದರಬೇಕಿಲ್ಲ. ಬೆಳ್ಳಿ ಬೆಳ್ಳಿಯೇ. ಊರು ನಮ್ಮದೇ.

ಹೆಸರಿಗೆ ಇಷ್ಟೊಂದು ಹೆದರಬೇಕಿತ್ತಾ ಅಂತ ಅನ್ನಿಸಬಹುದು. 1809ರ ಬಾರ್ಸಿಲೋನಾದಲ್ಲಿ ನಡೆದಿದ್ದು ಕೇಳಿ. ಏಪ್ರಿಲ್‌ನಲ್ಲಿ ಊರಿನ ನ್ಯಾಯಾಧೀಶರನ್ನು, ಅಧಿಕಾರಿಗಳನ್ನು ಕರೆಸಿ, ಜೋಸೆಫ್ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿ ಅಂದ್ರು. ಹಲವರು ಆಗಲ್ಲ ಅಂದ್ರು. ಅವರನ್ನು ಜೈಲಿಗೆ ಹಾಕಿದ್ರು. ಮೇ ತಿಂಗಳಲ್ಲಿ ಊರಿನ ಬಾಗಿಲು ತೆಗೆದು ಸ್ಪೇನಿನ ಸೈನ್ಯವನ್ನು ಒಳಗೆ ಬಿಡೋ ಒಂದು ಪಿತೂರಿ ಬಯಲಾಯ್ತು. ಜೂನ್ 3ರಂದು ಐವರಿಗೆ ಮರಣದಂಡನೆ. ಅವರಲ್ಲಿ ಪಾದ್ರಿಗಳೂ ಇದ್ದರು. ಆ ಹೊತ್ತಿಗೆ ಜನರನ್ನು ಎಬ್ಬಿಸೋಕೆ ಅಂತ ಮೂವರು ಕೆಥೆಡ್ರಲ್‌ನ ದೊಡ್ಡ ಗಂಟೆ ಬಾರಿಸಿದರು. ಸೈನಿಕರು ಬಂದಾಗ ಅಲ್ಲಿನ ದೊಡ್ಡ ಆರ್ಗನ್ ವಾದ್ಯದ ಒಳಗೆ ಅಡಗಿ ಕೂತರು, ಮೂರು ದಿನ. ಕ್ಷಮಾದಾನ ಕೊಡ್ತೀವಿ ಅಂತ ಮಾತು ಕೊಟ್ಟಾಗ ಹೊರಗೆ ಬಂದರು. ಮಾತು ಉಳಿಸಿಕೊಳ್ಳಲಿಲ್ಲ, ಅವರನ್ನೂ ಗಲ್ಲಿಗೇರಿಸಿದರು. ಬಾರ್ಸಿಲೋನಾ ಕೆಥೆಡ್ರಲ್ ಪಕ್ಕದ ಒಂದು ಪುಟ್ಟ ಚೌಕದಲ್ಲಿ ಇವರೆಲ್ಲರ ಸ್ಮಾರಕ ಇವತ್ತಿಗೂ ಇದೆ.

ಹೀಗಿರೋ ಊರಲ್ಲಿ 1809 ಅಂತ ಇಸವಿ ಹೊತ್ತ, ರಾಜನ ಹೆಸರೇ ಇಲ್ಲದ ಬೆಳ್ಳಿ ನಾಣ್ಯ ಕೈಯಿಂದ ಕೈಗೆ ಓಡಾಡ್ತಿತ್ತು. ಅದರ ಮೌನದ ಬೆಲೆ ಈಗ ಗೊತ್ತಾಗುತ್ತೆ, ಅಲ್ವಾ?

ಇನ್ನೂ ಒಂದು ತಮಾಷೆ ಇದೆ. 1812ರಲ್ಲಿ ನೆಪೋಲಿಯನ್ ಇಡೀ ಕೆಟಲೋನಿಯಾವನ್ನು ಫ್ರಾನ್ಸಿಗೇ ಸೇರಿಸಿಕೊಂಡ. ಅಂದ್ರೆ ಕಾಗದದ ಮೇಲೆ ಬಾರ್ಸಿಲೋನಾ ಈಗ ಫ್ರಾನ್ಸಿನ ಒಂದು ಊರು. ಆದರೂ ಅಲ್ಲಿನ ಟಂಕಸಾಲೆ ಫ್ರಾಂಕ್ ಒತ್ತಲಿಲ್ಲ. ಫ್ರೆಂಚರು ಊರು ಬಿಟ್ಟು ಹೋದ 1814ರವರೆಗೂ ಅದೇ ಲಾಂಛನ, ಅದೇ 'ಬಾರ್ಸಿಲೋನಾದಲ್ಲಿ', ಅದೇ ಪೆಸೆಟಾ.

ಸರಿ, ಈ 'ಪೆಸೆಟಾ' ಎಲ್ಲಿಂದ ಬಂತು? ಕೆಟಲನ್ ಭಾಷೆಯಲ್ಲಿ 'ಪೆಸಾ' ಅಂದ್ರೆ ತುಂಡು, ಬಿಲ್ಲೆ. 'ಪೆಸೆತಾ' ಅಂದ್ರೆ ಪುಟ್ಟ ಬಿಲ್ಲೆ. ನೂರು ವರ್ಷ ಹಿಂದೆ, 1700ರ ದಶಕದ ಶುರುವಿನಲ್ಲಿ ಇದೇ ರೀತಿ ಸ್ಪೇನಿನ ಪಟ್ಟಕ್ಕೆ ಇಬ್ಬರು ಕಿತ್ತಾಡಿದಾಗ, ಬಾರ್ಸಿಲೋನಾದಲ್ಲಿ ಒತ್ತಿದ ಎರಡು ರಿಯಾಲಿನ ಸಣ್ಣ ನಾಣ್ಯವನ್ನು ಜನ ಹಾಗೆ ಕರೀತಿದ್ರು. 1737ರಲ್ಲಿ ಸ್ಪೇನಿನ ಅಧಿಕೃತ ನಿಘಂಟಿಗೂ ಆ ಪದ ಸೇರಿತು. ಆದರೆ ನಾಣ್ಯದ ಮೇಲೆ ಅಚ್ಚಾಗಿ ಬಂದಿರಲಿಲ್ಲ. ಬೆಲೆಯ ಹೆಸರಾಗಿ ಅದನ್ನು ಬೆಳ್ಳಿಯ ಮೇಲೆ ಮೊದಲು ಒತ್ತಿದ್ದು ಇದೇ ಬಾರ್ಸಿಲೋನಾದ ನಾಣ್ಯಗಳ ಮೇಲೆ, 1808ರಲ್ಲಿ.

ಐದು ಪೆಸೆಟಾ ಅಂದ್ರೆ ಒಂದು ದೂರೊ. ಅಂದ್ರೆ ಜಿರೋನಾದ 'ಒಂದು ಗಟ್ಟಿ', ಬಾರ್ಸಿಲೋನಾದ 'ಐದು ಪೆಸೆಟಾ' ಎರಡರ ಬೆಲೆಯೂ ಒಂದೇ. ಒಬ್ಬರು ನಿಷ್ಠೆ ಕೂಗಿ ಹೇಳಿದ್ರು, ಇನ್ನೊಬ್ಬರು ಬಾಯಿ ಮುಚ್ಚಿಕೊಂಡ್ರು. ಇಬ್ಬರೂ ಹೆಸರಿಟ್ಟಿದ್ದು ಮಾತ್ರ ಜನರ ಬಾಯಿಯ ಪದದಲ್ಲೇ.

ಸಾಗರದ ಆಚೆ ಏನಾಗ್ತಿತ್ತು ಗೊತ್ತಾ? ಮೆಕ್ಸಿಕೋದಲ್ಲಿ ಉಲ್ಟಾ ಸಮಸ್ಯೆ. ಅಲ್ಲಿನವರಿಗೆ ಫರ್ನಾಂಡೋ ಹೆಸರು ಹಾಕೋಕೆ ಹೆದರಿಕೆ ಇಲ್ಲ. ಆದರೆ ಅವನ ಮುಖ ಹೇಗಿದೆ ಅಂತಾನೇ ಗೊತ್ತಿಲ್ಲ! ಸಾಮಾನ್ಯವಾಗಿ ಹೊಸ ರಾಜ ಬಂದಾಗ ಸ್ಪೇನಿನಿಂದ ಚಿತ್ರದ ಮಾದರಿ ಹಡಗಲ್ಲಿ ಬರ್ತಿತ್ತು. ಈಗ ರಾಜ ಸೆರೆಯಲ್ಲಿ, ದೇಶ ಯುದ್ಧದಲ್ಲಿ. ಮಾದರಿ ಬರಲಿಲ್ಲ. ಹಾಗಾಗಿ ಕಲ್ಪನೆಯಿಂದಲೇ ಒಂದು ಮುಖ ಮಾಡಿದರು. ತಲೆಗೆ ಎಲೆಯ ಕಿರೀಟ, ಎದೆಗೆ ರೋಮನ್ ವೀರನ ಕವಚ. 1808ರಿಂದ 1811ರವರೆಗೆ ಈ ಕಾಲ್ಪನಿಕ ಮುಖದ ನಾಣ್ಯಗಳು ಕೋಟಿಗಟ್ಟಲೆ ಹೊರಬಂದವು. ಒಂದು ಕಡೆ ಮುಖ ಇಲ್ಲದ ಹೆಸರು, ಇನ್ನೊಂದು ಕಡೆ ಹೆಸರಿಗೆ ಹೊಂದದ ಮುಖ.

ಆಮೇಲೆ ಅಲ್ಲೂ ಬೆಂಕಿ ಹೊತ್ತಿತು. 1810ರ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೋದ ಸ್ವಾತಂತ್ರ್ಯ ಸಮರ ಶುರುವಾಯ್ತು. ದಂಗೆಯ ನಾಯಕ ಮೊರೆಲೋಸ್ ಹತ್ರ ಬೆಳ್ಳಿ ಕಡಿಮೆ. ಅವನು ತಾಮ್ರದಲ್ಲಿ ಎಂಟು ರಿಯಾಲ್ ಒತ್ತಿಸಿದ. ಗೆದ್ದ ಮೇಲೆ ಇದಕ್ಕೆ ನಿಜವಾದ ಹಣ ಕೊಡ್ತೀವಿ ಅನ್ನೋ ಭರವಸೆ ಅದರ ಹಿಂದೆ ಇತ್ತು. ತಾಮ್ರದ ಬಿಲ್ಲೆ ಬೆಳ್ಳಿಯ ಬೆಲೆ ಹೇಳ್ಬೇಕಂದ್ರೆ ಅದರ ಹಿಂದೆ ನಂಬಿಕೆ ಒಂದೇ ಆಸರೆ. ನಮ್ಮ ಇವತ್ತಿನ ಕಾಗದದ ನೋಟು ನಡೆಯೋದೂ ಅದೇ ಲೆಕ್ಕದಲ್ಲಿ ತಾನೇ?

ಇಲ್ಲಿ ನಮ್ಮ ದಕ್ಷಿಣ ಭಾರತಕ್ಕೂ ಒಂದು ನಂಟಿದೆ. ಅದೇ ಯುದ್ಧದ ವರ್ಷಗಳಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಇನ್ನೂ ಬ್ರಿಟಿಷರ ಕೈದಿಗಳ ವಸಾಹತು. ಅಲ್ಲಿ ನಾಣ್ಯಕ್ಕೆ ಬರ. 1812ರ ನವೆಂಬರ್‌ನಲ್ಲಿ ಸಮರಾಂಗ್ ಅನ್ನೋ ಹಡಗಲ್ಲಿ 40,000 ಸ್ಪ್ಯಾನಿಷ್ ಡಾಲರ್ ಸಿಡ್ನಿಗೆ ಬಂದವು. ಕಳಿಸಿದ್ದು ಮದ್ರಾಸಿನಿಂದ, ಈಸ್ಟ್ ಇಂಡಿಯಾ ಕಂಪನಿ. ನಾಣ್ಯ ಮತ್ತೆ ಹೊರದೇಶಕ್ಕೆ ಹೋಗಬಾರದು ಅಂತ ಅಲ್ಲಿನ ಗವರ್ನರ್ ಮಕ್ವಾರಿ ಪ್ರತಿ ನಾಣ್ಯದ ನಡುವೆ ತೂತು ಕೊರೆಸಿದ. ಉಂಗುರದ ಹಾಗಿರೋ ಹೊರಭಾಗ ಒಂದು ನಾಣ್ಯ, ನಡುವಿನ ತುಂಡು ಇನ್ನೊಂದು ನಾಣ್ಯ. ಈ ಕೆಲಸಕ್ಕೆ ಅವನು ಹಿಡಿದಿದ್ದು ಹೆನ್‌ಶಲ್ ಅನ್ನೋ ಕೈದಿಯನ್ನು. ಅವನಿಗೆ ಶಿಕ್ಷೆ ಆಗಿದ್ದೇ ಖೋಟಾ ನಾಣ್ಯದ ಕೇಸಲ್ಲಿ! ಸ್ಪೇನಿನ ರಾಜನ ಮುಖ ಹೊತ್ತ ಬೆಳ್ಳಿ, ಮದ್ರಾಸಿನ ಮೂಲಕ ಆಸ್ಟ್ರೇಲಿಯಾಕ್ಕೆ ಹೋಗಿ, ಮೂಗಿನ ಜಾಗದಲ್ಲಿ ತೂತು ಮಾಡಿಸ್ಕೊಂಡು ಬ್ರಿಟಿಷ್ ಹಣ ಆಯ್ತು.

ಖೋಟಾ ನಾಣ್ಯದವರ ಕಥೆ ಬಂತಲ್ಲ, ಇನ್ನೊಂದಿದೆ. 1813ರ ಕೊನೆಗೆ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ ಸ್ಪೇನಿನಿಂದ ಫ್ರೆಂಚರನ್ನು ಅಟ್ಟಿಸಿಕೊಂಡು ಫ್ರಾನ್ಸಿನ ಒಳಗೇ ನುಗ್ಗಿದ. ಅವನ ಹತ್ರ ಇದ್ದಿದ್ದು ಸ್ಪ್ಯಾನಿಷ್ ಡಾಲರ್. ಫ್ರೆಂಚ್ ರೈತರಿಗೆ ಬೇಕಾಗಿದ್ದು ಅವರ ಐದು ಫ್ರಾಂಕಿನ ನಾಣ್ಯ. ಕಿತ್ತುಕೊಂಡು ತಿಂದ್ರೆ ರೈತರು ತಿರುಗಿ ಬೀಳ್ತಾರೆ. ಸ್ಪೇನಿನಲ್ಲಿ ಫ್ರೆಂಚರಿಗೆ ಆಗಿದ್ದೂ ಅದೇ ಅಲ್ವಾ? ದುಡ್ಡು ಕೊಟ್ಟೇ ತಗೊಳ್ಳಬೇಕು ಅನ್ನೋದು ವೆಲಿಂಗ್ಟನ್‌ನ ಹಟ. ಅದಕ್ಕೆ ಅವನು ಒಂದು ಕೆಲಸ ಮಾಡಿದ. ತನ್ನ ಪಡೆಯಲ್ಲಿ ಹಿಂದೆ ಖೋಟಾ ನಾಣ್ಯ ಮಾಡ್ತಿದ್ದ ಕಸುಬಿನವರು ಯಾರಿದ್ದೀರಿ ಅಂತ ಹುಡುಕಿಸಿದ. ನಲವತ್ತರ ಆಸುಪಾಸು ಜನ ಸಿಕ್ಕಿದ್ರು! ಅವರನ್ನೇ ಕೂರಿಸಿ, ಬೆಳ್ಳಿ ಡಾಲರ್ ಕರಗಿಸಿ, ಐದು ಫ್ರಾಂಕಿನ ನಾಣ್ಯ ಒತ್ತಿಸಿದ. ಬೆಳ್ಳಿ, ತೂಕ ಎರಡರಲ್ಲೂ ಮೋಸ ಇಲ್ಲ. ಮುಖ ಮಾತ್ರ ಶತ್ರುವಿನದ್ದು. ತನ್ನ ಶತ್ರು ನೆಪೋಲಿಯನ್ನನ ಮುಖವನ್ನೇ ಒತ್ತಿ ಅವನ ದೇಶದಲ್ಲಿ ರೊಟ್ಟಿ ಕೊಂಡ.

ಈಗ ಕೊನೆಯ ಮತ್ತು ಕಹಿಯಾದ ಭಾಗ.

1814ರಲ್ಲಿ ಫರ್ನಾಂಡೋ ವಾಪಸ್ ಬಂದ. ಯಾವ ಹೆಸರನ್ನು ಜಿರೋನಾದವರು ಹಸಿದ ಹೊಟ್ಟೆಯಲ್ಲೂ ಬಿಡಲಿಲ್ಲವೋ ಆ ಹೆಸರಿನವನು. ಸೆರೆಯಲ್ಲಿದ್ದಾಗ ಇವನು ನೆಪೋಲಿಯನ್ನನ ಗೆಲುವುಗಳಿಗೆ ಅಭಿನಂದನೆ ಪತ್ರ ಬರೀತಿದ್ದ ಅನ್ನೋದು ಆ ಜನರಿಗೆ ಗೊತ್ತಿರಲಿಲ್ಲ. ಅವನಿಲ್ಲದ ಹೊತ್ತಲ್ಲಿ ಜನರ ಪ್ರತಿನಿಧಿಗಳು ಕಾದಿಸ್ ಊರಲ್ಲಿ ಸೇರಿ 1812ರಲ್ಲಿ ಒಂದು ಸಂವಿಧಾನ ಬರೆದಿದ್ದರು. ಬಂದ ಕೂಡಲೇ ಫರ್ನಾಂಡೋ ಆ ಸಂವಿಧಾನವನ್ನು ರದ್ದು ಮಾಡಿದ. ಅದನ್ನು ಬೆಂಬಲಿಸಿದವರನ್ನು ಜೈಲಿಗೆ ಹಾಕಿದ. ತನ್ನ ಹೆಸರನ್ನು ಕಾಪಾಡಿದವರನ್ನೇ.

ಹಾಗಂತ ಜಿರೋನಾದವರು ಮೋಸ ಹೋದ್ರು, ಬಾರ್ಸಿಲೋನಾದವರು ಜಾಣರು ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಜಿರೋನಾದವರಿಗೆ ಆ ಹೆಸರು ಒಬ್ಬ ಮನುಷ್ಯನ ಹೆಸರಷ್ಟೇ ಆಗಿರಲಿಲ್ಲ. 'ನಮ್ಮ ಊರನ್ನು ಯಾರು ಆಳಬೇಕು ಅನ್ನೋದನ್ನು ಹೊರಗಿನವನು ಹೇಳೋದು ಬೇಡ' ಅನ್ನೋದನ್ನು ಬರೆಯೋಕೆ ಅವರ ಹತ್ರ ಇದ್ದ ನಾಲ್ಕು ಗುರುತು ಅದು. ಬಾರ್ಸಿಲೋನಾದಲ್ಲಿ ಅದನ್ನು ಬರೆಯೋ ಹಾಗಿರಲಿಲ್ಲ. ಅಲ್ಲಿ ಅದೇ ಮಾತನ್ನು ಹೇಳೋಕೆ ಹೋದವರು ಗಲ್ಲಿಗೇರಿದ್ರು. ನಾಣ್ಯ ಮಾತ್ರ ಊರಿನ ಗುರುತು ಹೊತ್ಕೊಂಡು ಬದುಕಿತು.

ಮತ್ತು ಕೊನೆಗೆ ಉಳಿದಿದ್ದು ಯಾವುದು? 1868ರಲ್ಲಿ ಸ್ಪೇನಿನಲ್ಲಿ ಕ್ರಾಂತಿ ಆಯ್ತು. ಫರ್ನಾಂಡೋನ ಮಗಳು ರಾಣಿ ಇಸಾಬೆಲ್ ದೇಶ ಬಿಟ್ಟು ಹೋದಳು. ಹೊಸ ಸರ್ಕಾರದ ಹಣಕಾಸು ಮಂತ್ರಿ ಲೌರೆಯಾನೊ ಫಿಗೆರೋಲಾ, ಕೆಟಲೋನಿಯಾದವನು. ಆ ವರ್ಷದ ಅಕ್ಟೋಬರ್ 19ರಂದು ಇಡೀ ದೇಶಕ್ಕೆ ಒಂದೇ ಹಣ ಅಂತ ಘೋಷಿಸಿದ್ರು. ಅದರ ಹೆಸರು ಪೆಸೆಟಾ. ಮರುವರ್ಷ ಬಂದ ನಾಣ್ಯಗಳ ಮೇಲೆ ರಾಜನ ಮುಖ ಇರಲಿಲ್ಲ. ಒರಗಿ ಕೂತ ಒಬ್ಬ ಹೆಣ್ಣು, ಅವಳ ಹೆಸರು ಹಿಸ್ಪಾನಿಯಾ, ಅಂದ್ರೆ ದೇಶವೇ. ಅರವತ್ತು ವರ್ಷ ಹಿಂದೆ ಭಯದಿಂದ ಬಿಟ್ಟಿದ್ದ ಜಾಗವನ್ನು ಈ ಸಲ ಬೇಕಂತಲೇ ಬಿಟ್ಟರು.

ಆ ಪೆಸೆಟಾ 2002ರಲ್ಲಿ ಯೂರೋ ಬರೋವರೆಗೂ ನಡೀತು. ಒಂದು ಯೂರೋಗೆ 166.386 ಪೆಸೆಟಾ ಅಂತ ಲೆಕ್ಕ ಕಟ್ಟಿದ್ರು. 'ದೂರೊ' ಅನ್ನೋ ಪದವೂ ಅಲ್ಲಿವರೆಗೆ ಜನರ ಬಾಯಲ್ಲಿತ್ತು. ನೂರು ಪೆಸೆಟಾಕ್ಕೆ 'ಇಪ್ಪತ್ತು ದೂರೊ' ಅಂತಿದ್ರು. ನಮ್ಮಲ್ಲೂ ಹಾಗೇ ತಾನೇ? 'ದುಡ್ಡು' ಅನ್ನೋದು ಒಂದು ಕಾಲಕ್ಕೆ ತಾಮ್ರದ ನಾಣ್ಯವೊಂದರ ಹೆಸರು. 'ಹಣ' ಕೂಡ ಒಂದು ಪುಟ್ಟ ಚಿನ್ನದ ನಾಣ್ಯ. 'ಕಾಸು' ಕೂಡ ಅಷ್ಟೇ. ಆ ನಾಣ್ಯ ಒತ್ತಿಸಿದ ರಾಜರ ಹೆಸರು ನಮಗೆ ಥಟ್ಟನೆ ನೆನಪಾಗಲ್ಲ. ಆದರೆ ಫೋನಲ್ಲಿ ಸ್ಕ್ಯಾನ್ ಮಾಡಿ ಕಳಿಸಿದ ಮೇಲೂ ನಾವು ಕೇಳೋದು, 'ಅಣ್ಣಾ, ದುಡ್ಡು ಬಂತಾ?' ಅಂತಾನೇ.

ಮುಗಿಸೋ ಮುಂಚೆ ಒಂದು ಎಚ್ಚರಿಕೆ. ಇಂಥ ಕಥೆ ಕೇಳಿ ಆನ್‌ಲೈನಲ್ಲಿ ಹುಡುಕೋಕೆ ಹೊರಟಿದ್ರೆ ಹುಷಾರು. ಮುತ್ತಿಗೆ ಕಾಲದ ನಾಣ್ಯಗಳ ವಿನ್ಯಾಸ ಸರಳ, ಹಾಗಾಗಿ ನಕಲು ಮಾಡೋದೂ ಸುಲಭ. ಬೆಳ್ಳಿ ಅಯಸ್ಕಾಂತಕ್ಕೆ ಅಂಟಲ್ಲ, ತೂಕ 27 ಗ್ರಾಂ ಹತ್ತಿರ ಇರಬೇಕು. ಇವು ಮೊದಲ ಪರೀಕ್ಷೆ ಅಷ್ಟೇ, ಇದರಲ್ಲಿ ಪಾಸಾದ ಮಾತ್ರಕ್ಕೆ ಅಸಲಿ ಅಂತಲ್ಲ. 'ನಿಮ್ಮ ಹಳೇ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ಶುಲ್ಕ ಕಟ್ಟಿ' ಅಂತ ಯಾರಾದ್ರೂ ಮೆಸೇಜ್ ಮಾಡಿದ್ರೆ ಕಟ್ಟಬೇಡಿ. ರಿಸರ್ವ್ ಬ್ಯಾಂಕ್ ಹೆಸರು ಹೇಳಿಕೊಂಡು ಇಂಥ ಮೋಸ ನಡೀತಿದೆ ಅಂತ 2021ರಲ್ಲಿ ರಿಸರ್ವ್ ಬ್ಯಾಂಕೇ ಜನರನ್ನು ಎಚ್ಚರಿಸಿತ್ತು.

ಮುಂದಿನ ಸಲ ಯಾವುದೇ ಹಳೇ ನಾಣ್ಯ ಕೈಗೆ ಸಿಕ್ಕಿದ್ರೆ ಅದರ ಮೇಲೆ ಯಾರಿದ್ದಾರೆ ಅಂತ ನೋಡಿ. ಯಾರಿಲ್ಲ ಅಂತಲೂ ನೋಡಿ. ನಿಮ್ಮ ಮನೆಯಲ್ಲಿ ಅಜ್ಜಿ ಅಜ್ಜ ಕಾಪಿಟ್ಟ ನಾಣ್ಯ ಇದ್ರೆ, ಅದರ ಕಥೆ ಅವರ ಬಾಯಲ್ಲೇ ಕೇಳಿ ನಮಗೂ ಬರೆದು ಕಳಿಸಿ. ಈ ಸಂಚಿಕೆ ಇಷ್ಟವಾದ್ರೆ ಒಬ್ಬ ಗೆಳೆಯನಿಗೋ ಗೆಳತಿಗೋ ಫಾರ್ವರ್ಡ್ ಮಾಡಿ. ಮತ್ತೆ ಸಿಗೋಣ, ನಮಸ್ಕಾರ.